ಅಡ್ಡಗೆರೆಯ ಏಳು

ಸೋಮವಾರ ರಾತ್ರಿ. ಊಟದ ಮೇಜಿನ ಮೇಲೆ
ಇಪ್ಪತ್ತೆರಡು ನೋಟ್‌ಬುಕ್ಕು, ಕೆಂಪು ಪೆನ್ನು,
ಆರಿ ಕೆನೆಗಟ್ಟಿದ ಸೂಪು.
ತೆರೆಯುವ ಮುಂಚೆ ಒಂದೊಂದನ್ನೂ ಮೂಸುತ್ತೇನೆ.
ಮೇಷ್ಟ್ರುಗಳು ಇದನ್ನೆಲ್ಲ ಹೇಳಿಕೊಳ್ಳುವುದಿಲ್ಲ.

ಬ್ರಾಯಿಸ್‌ನದು ಡೀಸೆಲ್ಲು:
ಅಜ್ಜನ ದೋಣಿಯೊಳಗೆ ಕೂತು ಬರೆದದ್ದು.
ಇಯಾಗೊನದು ಬರಿಯ ಕಾಗದದ ವಾಸನೆ,
ಅಂದರೆ ಬರೆದೇ ಇಲ್ಲ.
ಶಿಯಾನಳದು ವಿನೆಗರು.
ಅವಳಮ್ಮನಿಗೆ ಕಪ್ಪೆಚಿಪ್ಪು ಡಬ್ಬಿಗೆ ತುಂಬುವ
ಕಾರ್ಖಾನೆಯಲ್ಲಿ ರಾತ್ರಿ ಪಾಳಿ.

ಕಳೆದ ಗುರುವಾರ ಶಾಲೆಯ ಜಿಮ್ಮಿನಲ್ಲಿ ಸಭೆ.
ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಮಡಚಿ ಕೂತ
ದೊಡ್ಡ ದೊಡ್ಡ ಜನ.
'ಶನಿವಾರ ಭಾನುವಾರ ನಮ್ಮದು' ಅಂತ ರಟ್ಟಿನ ಮೇಲೆ ಬರೆದು ತಂದಿದ್ದರು.
ವೀಗೊದಿಂದ ಬಂದ ಅಧಿಕಾರಿ ಎರಡು ಗ್ರಾಫು ತೋರಿಸಿದ.
ಒಂದು ಏರುತ್ತಿತ್ತು, ಇನ್ನೊಂದು ಇಳಿಯುತ್ತಿತ್ತು.
ಎರಡೂ ನಿಜ ಅಂದ, ನೀರು ಕುಡಿದ.

ಔಷಧಿ ಅಂಗಡಿಯ ಓಬ್ದೂಲಿಯಾ ಎದ್ದಳು:
ಮನೇಲಿ ಓದದಿದ್ದರೆ ನನ್ನ ಮಗಳು ಹಿಂದೆ ಬೀಳುತ್ತಾಳೆ.
(ಅವಳ ಮಗಳಿಗೆ ಸ್ವಂತ ಕೋಣೆ, ಸ್ವಂತ ದೀಪ,
ವಾರಕ್ಕೆರಡು ದಿನ ಟ್ಯೂಷನ್ನು.)
ಬ್ರಾಯಿಸ್‌ನ ಅಜ್ಜ ಗಂಟಲು ಸರಿಮಾಡಿಕೊಂಡ:
ನನಗೆ ಬಲೆ ಬೀಸೋದು ಯಾರಪ್ಪ ಹೋಂವರ್ಕು ಕೊಟ್ಟು ಕಲಿಸಿದ್ದು?
ಜಿಮ್ಮೆಲ್ಲ ನಕ್ಕಿತು.
ಹಾಜರಿ ಹಾಳೆಯಲ್ಲಿ ಅವನ ಹೆಸರು
ಮೊಮ್ಮಗನ ಅಕ್ಷರದಲ್ಲಿತ್ತು.

ನಾನೂ ಕೈ ಎತ್ತಿದೆ, ನಿಲ್ಲಿಸಿ ಅನ್ನುವವರ ಕಡೆ.
ಡೆಸ್ಕಿನ ಮೇಲೆ ಕೆನ್ನೆಯಿಟ್ಟು ನಿದ್ದೆಹೋಗುವ
ಇಯಾಗೊನ ಬಾಯಿಂದ ಇಳಿವ ಜೊಲ್ಲು
ಭೂಪಟದ ಮೇಲೆ ಹೊಸದೊಂದು ಕೊಲ್ಲಿ ಬಿಡಿಸಿದ್ದನ್ನು
ಕಂಡವಳು ನಾನು.
ಲೆಕ್ಕಕ್ಕುಂಟು, ಆಟಕ್ಕಿಲ್ಲ ನನ್ನ ಮಕ್ಕಳು.
ಗೆದ್ದೆವು. ಇದೇ ಕೊನೆಯ ಕಂತೆ.

ಈಗ ಶಿಯಾನಳ ಪುಟ.
ಮೊದಲ ಲೆಕ್ಕದ ಏಳಕ್ಕೆ ಸೊಂಟದಲ್ಲೊಂದು ಅಡ್ಡಗೆರೆ.
ನಾನು ಕಲಿಸುವ ಏಳಕ್ಕೆ ಅಡ್ಡಗೆರೆಯಿಲ್ಲ.
ಅಮ್ಮನ ಕೈ! ಸಿಕ್ಕಿಬಿದ್ದೆ ಹುಡುಗಿ,
ಅಂತ ಪೆನ್ನಿನ ಟೊಪ್ಪಿ ತೆಗೆಯುವಷ್ಟರಲ್ಲಿ
ಎರಡನೆಯದು ಮಗಳದು,
ಮೂರನೆಯದು ಅಮ್ಮನದು,
ನಾಲ್ಕು ಮತ್ತೆ ಮಗಳದು.
ಅಂಚಿನಲ್ಲಿ ಪೆನ್ಸಿಲ್ಲಿನಿಂದ, ಸಣ್ಣಗೆ:
'ಅಮ್ಮಾ ನಾನು ಮಲಗಿದೆ. ಐದನೇದು ನಿನಗೆ.'
ಅದರ ಕೆಳಗೆ, ವಿನೆಗರು ಹನಿದು ಅಲುಕಿದ ಶಾಯಿಯಲ್ಲಿ:
'ಮಾಡಿದ್ದೀನಿ. ಹಾಲು ಬಿಸಿಮಾಡ್ಕೋ.
ಆರನೇದು ಕಷ್ಟ, ಇಟ್ಟಿರು, ಬುಧವಾರ ರಜ.'

ಒಬ್ಬಳು ಬರುವಾಗ ಒಬ್ಬಳು ಹೋಗಿರುತ್ತಾಳೆ.
ನಡುವೆ ಈ ಪುಟ, ಬಾಗಿಲ ಕೆಳಗೆ ತೂರಿಸಿದ ಹಾಗೆ.

ಐದನೇ ಲೆಕ್ಕ: ನಲವತ್ತೇಳು ಭಾಗ ಐದು.
ಭಾಗಲಬ್ಧ ಎಂಟು ಅಂತೆ, ಶೇಷ ಏಳು.
ಅಡ್ಡಗೆರೆಯ ಏಳು.
ಶೇಷ ಯಾವತ್ತೂ ಭಾಜಕಕ್ಕಿಂತ ಚಿಕ್ಕದಿರಬೇಕು,
ಹದಿನೇಳು ವರ್ಷದಿಂದ ಹೇಳುತ್ತಾ ಬಂದಿದ್ದೇನೆ.

ಇಯಾಗೊ ಇವತ್ತು ತರಗತಿಯಲ್ಲಿ ನಿದ್ದೆ ಮಾಡಲಿಲ್ಲ.
ಅದನ್ನೂ ಬರೆದಿಟ್ಟುಕೊಳ್ಳಬೇಕು.
ಕೆಂಪು ಪೆನ್ನು ಒಣಗುತ್ತಿದೆ, ಟೊಪ್ಪಿ ಎಲ್ಲೋ ಉರುಳಿದೆ.
ಆರನೆಯ ಲೆಕ್ಕದ ಜಾಗ
ಖಾಲಿ.