ಒತ್ತಿಲ್ಲದ ಹೆಸರು

ದುರ್ಗಿಗುಡಿಯಲ್ಲಿ ಎರಡನೇ ಮಹಡಿ, ಚರ್ಮದ ಡಾಕ್ಟರ ಕೋಣೆ.
ಬಿಳಿ ಮುಲಾಮನ್ನು ಬೆಣ್ಣೆಯಷ್ಟು ದಪ್ಪ ಬಳಿದು
ಮೇಲೊಂದು ಪ್ಲಾಸ್ಟಿಕ್ ಹಾಳೆ ಸುತ್ತಿ
ಗಡಿಯಾರ ತೋರಿಸುವುದು ನನ್ನ ಕೆಲಸ:
ಮುಕ್ಕಾಲು ಗಂಟೆ, ಮರಗಟ್ಟಲಿ, ಮುಟ್ಟಬೇಡಿ.

ಬರುವವರು ಹೆಚ್ಚಾಗಿ ಹುಡುಗರು.
ಮಿಲಿಟರಿ ಸೆಲೆಕ್ಷನ್ನಿಗೆ ಮುಂಚೆ ಚೇಳು ಅಳಿಸಬೇಕು,
ಮದುವೆಗೆ ಮುಂಚೆ ಇನ್ಯಾರದೋ ಹೆಸರು.
ಇವತ್ತು ಸೊರಬದ ಕಡೆಯ ಬೈರಮ್ಮ,
ಅರವತ್ತೆಂಟು ವರ್ಷ, ಮುಂಗೈ ಮೇಲೆ ಹಸಿರು ಹಚ್ಚೆ.

"ಮದುವೆಯಾದ ವರ್ಷ ಕೊರವರ ಹೆಂಗಸು ಬಂದಿದ್ಲು,
ಮೂರು ಸೂಜಿ ಕಟ್ಟಿ, ಕಾಡಿಗೆಗೆ ಸೊಪ್ಪಿನ ರಸ ಕಲಸಿ.
ಗಂಡನ ಹೆಸರು ಬಾಯಲ್ಲಿ ಹೇಳೋ ಹಂಗಿಲ್ಲ,
ಕೈಯಲ್ಲಾದ್ರೂ ಇರ್ಲಿ ಅಂದ್ರು ಅತ್ತೆ.
ಅವಳಿಗೂ ಅಕ್ಷರ ಬರಲ್ಲ, ನಮಗೂ ಬರಲ್ಲ.
ಅಕ್ಕಿ ಮಿಲ್ಲಿನ ರೈಟರು ಇದ್ದಿಲಲ್ಲಿ ಬರೆದುಕೊಟ್ಟ,
ಅದರ ಮೇಲೇ ಚುಚ್ಚಿದ್ಲು.
ನೋಯದ ಹಂಗೆ ಹಾಡು ಹೇಳಿದ್ಲು, ಹಾಡೇ ಆಗಿನ ಮುಲಾಮು.
ಆದ್ರೂ ನೋಯ್ತು."

ಹೋದ ವರ್ಷ ರಾತ್ರಿ ಶಾಲೆಗೆ ಸೇರಿದರಂತೆ.
ಸ್ಲೇಟು ಬಿಟ್ಟು ಮೊದಲು ಓದಿದ್ದು ಸ್ವಂತ ಕೈ.
ಗುತ್ಯಪ್ಪ ಅಂದ್ರೆ ಎರಡು ಒತ್ತು ಬರಬೇಕಲ್ಲ ಮೇಷ್ಟ್ರೇ,
ಇಲ್ಲಿ ಒಂದೂ ಇಲ್ಲವಲ್ಲ?
ಮೇಷ್ಟ್ರು ಸೀಮೆಸುಣ್ಣ ಹುಡುಕುತ್ತ ತಿರುಗಿಕೊಂಡರಂತೆ.

ಶೇ. ಷ. ಗಿ. ರಿ.
ರೈಟರ ಹೆಸರು.

ಗುತ್ಯಪ್ಪ ಸಾಯುವ ತನಕ ಅದನ್ನೇ ಸವರಿ
"ನೋಡು, ನಾನಿಲ್ಲಿದೀನಿ" ಅಂತಿದ್ದನಂತೆ.
ನನಗೆ ನಗು ಬಂತು. ಆಕೆಗೂ ಬಂತು.
ಆಮೇಲೆ ಇಬ್ಬರೂ ಫ್ಯಾನು ನೋಡುತ್ತ ಕೂತೆವು.

ಹೊತ್ತಾಯಿತು. ಮುಲಾಮು ಒರೆಸಿ ಸೂಜಿಮೊನೆ ತಾಗಿಸಿದೆ.
ಗೊತ್ತಾಗ್ತಿದೆಯಾ ಅಮ್ಮಾ?
"ಇಲ್ಲ ಕಣೇ. ಯಾರದೋ ಕೈ ತಂದು ಜೋಡಿಸಿದ ಹಂಗಿದೆ.
ಐವತ್ತು ವರ್ಷ ಹಿಂಗೇ ಇತ್ತು ಬಿಡು."

ಕಪ್ಪು ಕನ್ನಡಕ. ಟಕ್ ಟಕ್ ಟಕ್.
ಕೂದಲು ಸುಟ್ಟ ವಾಸನೆ, ಅಕ್ಷರಗಳ ಮೇಲೆ ಬಿಳಿ ನೊರೆ.
ಒಂದೇ ಸಲಕ್ಕೆ ಹೋಗಲ್ಲ ಎಂದರು ಡಾಕ್ಟರು,
ಆರು ವಾರ ಬಿಟ್ಟು ಬನ್ನಿ.
ನೊರೆ ಇಳಿದಾಗ ಕೊನೆಯೆರಡು ಅಕ್ಷರ ಕೊಂಚ ಮಸುಕು;
ಶೇಷ ಹಾಗೇ ಉಳಿದಿತ್ತು.

ಸಂಜೆ ಫೋನು. ಹಿಂದೆ ಬಸ್ಸಿನ ಸದ್ದು.
"ಕುಂಸಿ ದಾಟಿತು, ಉರಿ ಶುರುವಾಯ್ತು."
ತಣ್ಣೀರು ಬಟ್ಟೆ ಇಡಿ, ಮಾತ್ರೆ ನುಂಗಿ ಎಂದೆ.
"ಇರ್ಲಿ ತಡಿ. ಆನಂದಪುರದ ತನಕ ನೋಡ್ತೀನಿ
ಎಷ್ಟು ಉರಿಯುತ್ತೋ.
ಕೈ ನಂದೇ ಅಲ್ವಾ."