ಹನ್ನೊಂದು ಕ್ಷಣ

ಆಟದ ಹೆಸರು ‘ಉಪ್ಪಿನ ಕೋಟೆ’ ಅಂತಿಟ್ಟುಕೊಳ್ಳಿ.
ಡಬ್ಬದ ಮೇಲೆ ಬೇರೆಯೇ ಇತ್ತು, ಆ ಹೆಸರು ಮಾತ್ರ
ಇನ್ನೂ ಯಾರದೋ ಆಸ್ತಿ.
ಮಿಕ್ಕಿದ್ದೆಲ್ಲ ಈಗ ನಮ್ಮದು: ನಾಲ್ಕು ಸೇನೆ, ಎರಡು ನದಿ,
ಹದಿನಾರೇ ಬಣ್ಣದಲ್ಲಿ ಗೋಧಿ ಬೆಳೆಯುವ ನೆಲ,
ಒಂದು ಎತ್ತಿನ ಗಾಡಿ.

ಕಂಪನಿಯನ್ನು ಒಂದು ಕಂಪನಿ ನುಂಗಿತು, ಅದನ್ನು ಇನ್ನೊಂದು.
ಕೊನೆಗೆ ಉಳಿದವರು ಬಚ್ಚಲಮನೆಯ ಟೈಲ್ಸ್ ಮಾರುವವರು.
ತಮ್ಸಿನ್ ಬರೆದ ಏಳನೆಯ ಪತ್ರಕ್ಕೆ ಅವರ ವಕೀಲರ ಉತ್ತರ ಬಂತು:
ಅಂಥದೊಂದು ನಮ್ಮಲ್ಲಿ ಇರುವುದೇ ನಮಗೆ ತಿಳಿಯದು.
ಇದ್ದರೆ, ತೆಗೆದುಕೊಳ್ಳಿ. ಹೆಸರು ಬಿಟ್ಟು.

ಹಾಗೆ ಶುರುವಾಯಿತು, ನ್ಯೂಪೋರ್ಟಿನಲ್ಲಿ,
ಮುಚ್ಚಿದ ಕಾರ್ಪೆಟ್ ಅಂಗಡಿಯ ಹಿಂಕೋಣೆಯಲ್ಲಿ, ಮಂಗಳವಾರ ಮಂಗಳವಾರ.
ಉಕ್ಕಿನ ಕಾರ್ಖಾನೆಯಲ್ಲಿ ವಯರು ಎಳೆದು ನಿವೃತ್ತನಾದ ಎಮ್ರಿಸ್
ಹಳೆಯ ಡಿಸ್ಕಿಗೆ ಕಿವಿಯಿಟ್ಟು ಕೇಳುತ್ತಾನೆ,
‘ಉಸಿರಾಡ್ತಿದೆ’ ಅನ್ನುತ್ತಾನೆ.
ರಾತ್ರಿ ಪಾಳಿಗೆ ಮುಂಚೆ ಒಂದು ಗಂಟೆ ನಬೀಲ್ ಬರುತ್ತಾನೆ,
ಆಂಬುಲೆನ್ಸ್ ಸಮವಸ್ತ್ರದಲ್ಲೇ ಯುದ್ಧ ರಿಪೇರಿ ಮಾಡುತ್ತಾನೆ.
ನಾನು ಚಹಾ ಮಾಡುತ್ತೇನೆ, ಪರೀಕ್ಷೆ ಮಾಡುತ್ತೇನೆ,
ಅಂದರೆ ಒಂದು ಸಂಜೆಗೆ ನಲವತ್ತು ಸಲ ಸೋಲುತ್ತೇನೆ,
ಹೇಗೆ ಸೋತೆ ಎಂದು ಬರೆದಿಡುತ್ತೇನೆ.

ಒಂದೂಮುಕ್ಕಾಲು ಲಕ್ಷ ಸಾಲು.
ನಡುನಡುವೆ ಅದನ್ನು ಬರೆದವರ ಗೊಣಗು:
‘ಬೆಳಗಿನ ಜಾವ ನಾಲ್ಕು. ಇದು ಯಾಕೆ ನಡೆಯುತ್ತದೋ ದೇವರೇ ಬಲ್ಲ.’
‘ನಾಳೆ ತಿದ್ದುತ್ತೇನೆ.’
ಆ ನಾಳೆಗೆ ಈಗ ಇಪ್ಪತ್ತಾರು ವರ್ಷ.

ಗಾಡಿ ಸೇತುವೆಯ ಬುಡಕ್ಕೆ ಬಂದರೆ ನಿಲ್ಲುತ್ತದೆ.
ಶತ್ರು ಬೆನ್ನಿಗಿರಲಿ, ಊರು ಹೊತ್ತಿ ಉರಿಯಲಿ,
ಹನ್ನೊಂದು ಕ್ಷಣ ನಿಂತೇ ದಾಟುತ್ತದೆ.
ತಪ್ಪು ಅಂದುಕೊಂಡೆವು. ತೆಗೆದೆವು.
ತೆಗೆದ ರಾತ್ರಿ ನಾಲ್ಕೂ ಸೇನೆ ಒಟ್ಟಿಗೆ ಸೇತುವೆಗೆ ನುಗ್ಗಿ
ಒಂದರೊಳಗೊಂದು ಹೊಕ್ಕು ಒಬ್ಬನೇ ಆಳಾಗಿ,
ನಾಲ್ಕು ಬಣ್ಣದ ಒಬ್ಬನೇ ಆಳಾಗಿ,
ನೀರಿನ ಮೇಲೆ ನಡುಗುತ್ತ ನಿಂತವು.
ನಾನು ಕಲಿತ ಚೌಕಾಬಾರದಲ್ಲಿ
ಕಟ್ಟೆಯಲ್ಲಿ ಕೂತ ಕಾಯನ್ನು ಯಾರೂ ಕಡಿಯರು.
ಇಲ್ಲಿ ಕಟ್ಟೆಯೂ ಇಲ್ಲ, ಹಣ್ಣಾಗುವುದೂ ಇಲ್ಲ,
ನಡುಗುವುದೊಂದೇ.

ಆಗ ಕಣ್ಣಿಗೆ ಬಿತ್ತು, ನಾವು ಅಳಿಸಿದ ಸಾಲಿನ ನೆತ್ತಿಯ ಮೇಲೆ:
‘ಮುಟ್ಟಬೇಡಿ. ಡೆಲಿತ್‌ಗೆ ಗೊತ್ತು.’

ಎಂಟು ತಿಂಗಳು ಹುಡುಕಿದೆವು, ಕೆನಡಾದವರೆಗೂ.
ಇದ್ದದ್ದು ಎಂಟು ಬೀದಿ ಆಚೆ, ಪಿಲ್‌ನಲ್ಲಿ,
ಎಮ್ರಿಸನ ಮೊಮ್ಮಗಳ ಶಾಲೆಯೆದುರು,
ಹಳದಿ ಕೋಟು, ಕೋಲಿನ ತುದಿಗೆ ಗುಂಡನೆಯ ಫಲಕ,
ಮಕ್ಕಳನ್ನು ರಸ್ತೆ ದಾಟಿಸುತ್ತ.
ಬೆನ್ನ ಹಿಂದೆ ನಮ್ಮೂರ ಹಳೆಯ ಸೇತುವೆ,
ತನ್ನ ಮೇಲೆ ಗಾಡಿಗಳನ್ನು ನಡೆಸದೆ
ತೊಟ್ಟಿಲಲ್ಲಿ ತೂಗಿ ಆಚೆ ದಡಕ್ಕೆ ಕೊಡುವಂಥದ್ದು.

‘ಹನ್ನೊಂದಾ?’ ಎಂದಳು ಡೆಲಿತ್. ‘ಯಾಕಪ್ಪಾ ಹನ್ನೊಂದು?’
ಒಂದು ಕಾಲುಚೀಲ ಎಳೆದುಕೊಂಡಳು.
‘ಆ ವರ್ಷ ನನಗೆ ನಿದ್ದೆ ಇರಲಿಲ್ಲ, ಅಮ್ಮ ಆಸ್ಪತ್ರೆಯಲ್ಲಿ.
ಎಷ್ಟೋ ಅಂಕಿ ಹಾಕಿ ನೋಡಿರಬೇಕು.’
ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವುದು ಲೋಕರೂಢಿ.
ಇಲ್ಲಿ ಅಂಬಿಗಿತ್ತಿಯೇ ಹೊಳೆಯನ್ನು ಮರೆತಿದ್ದಳು.

ಒಂದು ಲಾರಿ ಬಂತು. ಅವಳು ನಮ್ಮನ್ನು ಬಿಟ್ಟು ಅಂಚಿಗೆ ಹೋದಳು,
ಫಲಕ ಎತ್ತುವ ಮುನ್ನ ನಿಂತಳು.
ನಾನು ಎಣಿಸಿದೆ, ಎಣಿಸದೆ ಇರಲಾಗಲಿಲ್ಲ.
ಒಂಬತ್ತು.

ಅಂದು ರಾತ್ರಿ ಹನ್ನೊಂದನ್ನು ಇದ್ದಲ್ಲಿಗೇ ಮರಳಿಸಿದೆವು.
ಸೇನೆಗಳು ಬಿಡಿಬಿಡಿಯಾಗಿ, ಸರದಿಯಂತೆ ದಾಟಿ,
ಆಚೆ ಹೋಗಿ ಎಂದಿನಂತೆ ಬಡಿದಾಡಿದವು.
ನಬೀಲ್ ಪಾಳಿಗೆ ಹೊರಟ. ಚಹಾ ಆರಿತ್ತು.
ಹಳೆಯ ಟಿಪ್ಪಣಿಯ ಕೆಳಗೆ ತಮ್ಸಿನ್ ಒಂದು ಸಾಲು ಸೇರಿಸಿದಳು,
ಇನ್ನು ಇಪ್ಪತ್ತಾರು ವರ್ಷಕ್ಕೆ ಬರುವವರಿಗೆ:

ಕೇಳಿದೆವು. ಡೆಲಿತ್‌ಗೂ ಗೊತ್ತಿಲ್ಲ.
ಆದರೂ ಮುಟ್ಟಬೇಡಿ.