ವಾಪಸಾತಿ ಪಟ್ಟಿ

ಮೊದಲು ಕೈ ತೊಳ್ಕೊಂಡು ಬಾ, ಇಮ್ದಾದ್.
ಬೋಂಡದೆಣ್ಣೆ ಗಾಜಿಗೆ ತಾಗಿದರೆ
ಒರೆಸೋದಕ್ಕೆ ಅರ್ಧ ಗಂಟೆ,
ಬೈಸ್ಕೊಳ್ಳೋದಕ್ಕೆ ಆರು ತಿಂಗಳು.

ರಾತ್ರಿ ಎರಡೂವರೆ. ಶ್ರೀರಾಮಪುರದ ನೆಲಮಾಳಿಗೆ.
ಮೇಲೆ ಹಾಸಿಗೆ ಅಂಗಡಿ, ತಲೆ ಮೇಲೆಲ್ಲ ಹತ್ತಿ;
ಕೆಳಗೆ ನಾವಿಬ್ಬರು, ಹತ್ತೊಂಬತ್ತು ಪೆಟ್ಟಿಗೆ,
ಕೋಟಿ ಚಿಲ್ಲರೆಯ ಮಾಲು, ಒಂದು ಸೊಳ್ಳೆ ಬತ್ತಿ.

ಪಟ್ಟಿ ಹಿಡ್ಕೋ. ನಾನು ಕೂಗ್ತೀನಿ, ನೀನು ಗೀಟು ಹಾಕು.
ಬಾಡಿ ಒಂದು. ಮುಚ್ಚಳ ಇದೆ.
ಬ್ಯಾಟರಿ ಎಂಟು. ಎಣಿಸು, ಏಳೇ ಇರೋದು.
ಎಂಟನೇದು ಮಾನಿಟರಿನ ಬೆನ್ನಲ್ಲಿ
ನಿದ್ದೆ ಹೋದ ಕೂಸಿನ ಹಾಗೆ ಇನ್ನೂ ಬೆಚ್ಚಗಿದೆ.
ಮ್ಯಾಟ್ ಬಾಕ್ಸ್. ಫಾಲೋ ಫೋಕಸ್.
ಟ್ರೈಪಾಡಿನ ಮೂರು ಕಾಲಿಗೂ ಹೆಸರಘಟ್ಟದ ಕೆಸರು.
ಅದನ್ನ ಬರೀಬೇಡ, ಕೆರೆದು ಹಾಕು.

ಐವತ್ತು ಎಂಎಂ ಲೆನ್ಸ್. ಟಾರ್ಚು ಓರೆ ಹಿಡಿ.
ಅಂಚಲ್ಲಿ ಕಾಣ್ತಾ, ಜೇಡನ ಮರಿ ನಡೆದು ಹೋದ ಹಾಗೆ
ಒಂದು ಗೀರು?
ಅದು ಹಳೇದು. ನಾನೇ ಮಾಡಿದ್ದು.
ಕೆಲಸಕ್ಕೆ ಸೇರಿದ ಮೊದಲ ವಾರ, ಷರ್ಟಿನ ಚುಂಗಲ್ಲಿ ಒರೆಸಿದ್ದೆ.
ಸಾಹುಕಾರರು ಹೊಡೀಲಿಲ್ಲ. ಲೆನ್ಸಿಗೆ ನನ್ನ ಹೆಸರಿಟ್ಟರು.
ಹನ್ನೆರಡು ವರ್ಷದಿಂದ ಕ್ಯಾಮೆರಾಮನ್‌ಗಳು ಫೋನ್ ಮಾಡಿ,
'ಮುನಿಶಾಮಿ ಬೇಡ, ಬೇರೆ ಐವತ್ತು ಕೊಡಿ' ಅಂತಾರೆ.
ಈ ಸಿನಿಮಾದವಳು ಮಾತ್ರ, ಕಾಮಾಕ್ಷಿಪಾಳ್ಯದ ಹುಡುಗಿ,
ಹುಡುಕಿಕೊಂಡು ಬಂದು ಅದೇ ಬೇಕು ಅಂದಳು.
ಎದುರು ಬೆಳಕಿಗೆ ಹಿಡಿದರೆ
ದೀಪಕ್ಕೊಂದು ಮೀಸೆ ಮೂಡುತ್ತಂತೆ.

ಈಗ ಕಾರ್ಡು. ನಾಲ್ಕು.
ಎರಡು ಕಡೆ ನಕಲು ಆಗಿದೆ, ಸಹಿ ಇದೆ, ಹಸಿರು ಟೇಪ್ ಇದೆ.
ಹಸಿರಿದ್ದರೆ ಅಳಿಸು.
ಕೆಂಪಿದ್ದರೆ ಮುಟ್ಟಬೇಡ; ಯಾರನ್ನಾದರೂ ಎಬ್ಬಿಸು.

ತಡಿ. ಅಳಿಸೋ ಮುಂಚೆ ಕೊನೇ ತುಣುಕು ಒಂದ್ಸಲ ನೋಡು.
ಇದು ಪಟ್ಟೀಲಿಲ್ಲ, ನಾನು ಮಾಡ್ಕೊಂಡ ಚಾಳಿ.
ಕಟ್ ಅಂದಮೇಲೂ ಬಟನ್ ಒತ್ತೋಕೆ ಮರೀತಾರೆ.
ಕ್ಯಾಮೆರಾ ತನ್ನ ಪಾಡಿಗೆ ನೋಡ್ತಾ ಇರುತ್ತೆ:
ಯಾರದೋ ಹವಾಯಿ ಚಪ್ಪಲಿ, ಕೇಬಲ್ ಸುರುಳಿ,
ಬಾಳೆಹಣ್ಣಿನ ಸಿಪ್ಪೆ,
ಆಮೇಲೆ, ಅಗೋ,
ಪ್ರೊಡಕ್ಷನ್ನಿನ ಪಾತ್ರೆ ತೊಳೆಯೋ ಗಂಗಲಕ್ಷ್ಮಮ್ಮ.
ಫಿಲ್ಟರಿನ ಗಾಜನ್ನೇ ಕನ್ನಡಿ ಮಾಡ್ಕೊಂಡು
ಹಣೆಯ ಬೊಟ್ಟು ಸರಿ ಮಾಡ್ಕೋತಿದಾಳೆ.

ಹೀರೋಯಿನ್ನಿಗೆ ಐದು ಲೈಟು.
ಇವಳಿಗೆ ಆರೂವರೆಯ ಬಿಸಿಲು, ಅದೂ ಹೋಗೋ ಅವಸರದಲ್ಲಿ,
ಮತ್ತೆ ಎತ್ತಿಡೋಕೆ ಮರೆತ ಒಂದು ಥರ್ಮಾಕೋಲು.
ಫೋಕಸ್ ಯಾರೂ ಎಳೆದಿಲ್ಲ.
ಆದರೂ ರೆಪ್ಪೆಯ ಕೂದಲು ಒಂದೊಂದೂ ಎಣಿಸಬಹುದು.
ಓಲೆಯ ಪಕ್ಕದಲ್ಲಿ ಮಿಂಚಿತಲ್ಲ, ಅದು ಚಿನ್ನ ಅಲ್ಲವೋ,
ನನ್ನ ಗೀರು.

ಹನ್ನೊಂದು ಸೆಕೆಂಡು. ಯಾರೋ ಬಂದು ಮುಚ್ಚಳ ಹಾಕ್ತಾರೆ.
ಕಪ್ಪು.

ನಕಲು ಇದೆಯಲ್ಲಣ್ಣ ಅಂತೀಯ. ಇದೆ.
ಎಡಿಟಿಂಗಲ್ಲಿ ಇಂಥದ್ದಕ್ಕೆ 'ಕಸ' ಅಂತ ಒಂದು ಫೋಲ್ಡರು,
ಡಿಸ್ಕು ತುಂಬಿದ ದಿನ ಮೊದಲು ಹೋಗೋದು ಅದೇ.
ನಾವು ಇಟ್ಕೋಬಾರದು, ಒಂದು ಫ್ರೇಮೂ.
ಈ ನೆಲಮಾಳಿಗೆ ಕಂಬದ ಮೇಲೆ ನಿಂತಿಲ್ಲ,
ಆ ನಂಬಿಕೆ ಮೇಲೆ ನಿಂತಿದೆ.

ಬೆಳಗ್ಗೆ ಏಳಕ್ಕೆ ಕಾರ್ಡು ನಾಗರಭಾವಿಗೆ ಹೋಗ್ಬೇಕು,
ಸೀರೆಯ ಜಾಹೀರಾತು.
ಒತ್ತು.
ಖಚಿತವೇ ಅಂತ ಕೇಳುತ್ತೆ. ಎಲ್ಲರನ್ನೂ ಕೇಳುತ್ತೆ ಅದು,
ಹೆದರಬೇಡ.
ಆಯ್ತು.

ಬರ್ಕೋ: ಕಾರ್ಡು ನಾಲ್ಕು, ಖಾಲಿ.
ಕೊನೇಲಿ ಷರಾ ಅಂತ ಕಾಲಂ ಇದೆಯಲ್ಲ,
ಅಲ್ಲಿ 'ಬೊಟ್ಟು ಸರಿಯಾಗಿತ್ತು' ಅಂತ ಬರೆದರೆ
ಸಾಹುಕಾರರು ಬೈತಾರೆ.

ಬರಿ.
ಪೆನ್ಸಿಲಲ್ಲಿ.